ಬುದ್ಧಿ ಬಂದ ಅಲಾರಂ

ಟ್ರಾಲಿಯ ಒಂದೇ ಒಂದು ಗಾಲಿ ಕಿರುಗುಡುತ್ತಿದೆ, ಉಳಿದವು ಸುಮ್ಮನೆ ಉರುಳುತ್ತಿವೆ, ಒಂದು ಹನಿ ಎಣ್ಣೆ ಬಿಟ್ಟರೆ ಬಾಯಿ ಮುಚ್ಚುತ್ತೆ ಅದು, ಯಾರಿಗೂ ಬೇಕಾಗಿಲ್ಲ, ನನ್ನ ಗಾಡಿಯಲ್ಲಿ ಇಂಥ ಸದ್ದು ಬಂದಿದ್ದರೆ ಊರು ದಾಟುವ ಮೊದಲೇ ಇಳಿದು ಕೆಳಗೆ ತೂರಿ ಒಂದೊಂದು ನಟ್ಟನ್ನೂ ಹೆಸರು ಹಿಡಿದು ಕರೆದು ವಿಚಾರಿಸಿಬಿಡುತ್ತಿದ್ದೆ — ನನ್ನ ಗಾಡಿ, ಎಲ್ಲೈತಿ ಈಗ ನನ್ನ ಗಾಡಿ, ಕಂಪ್ಲಿಯಲ್ಲಿ, ಅಕ್ಕಿ ಮಿಲ್ಲಿನ ಬೇವಿನ ಮರದ ಕೆಳಗೆ, ಬಾಗಿಲು ತೆರೆದುಕೊಂಡೇ ನಿಂತಿರಬೇಕು, ಒಳಗೆಲ್ಲ ನೀರು, ಮಿಲ್ಲಿನ ಹಮಾಲರು ಕೊಡಗಟ್ಟಲೆ ಸುರಿದ ನೀರು, ನಾನು ಇಲ್ಲಿ, ಹೊಸಪೇಟೆಯ ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ, ಸುನಿತಾ ಆ ಬಾಗಿಲಿನ ಆಚೆ, ಮೂಗು ಬಾಯಿ ಮುಚ್ಚಿದ ಪ್ಲಾಸ್ಟಿಕ್ಕಿನ ಬಟ್ಟಲಿನೊಳಗೆ ಉಸಿರಾಡುತ್ತಾ, ಇನ್ನೂ ಕಣ್ಣು ತೆರೆದಿಲ್ಲ, ಹೊಗೆ ಭಾಳ ಒಳಗ ಹೋಗೈತ್ರಿ, ಮೊದ್ಲ ಎಚ್ಚರ ಆಗ್ಲಿ, ಆಮ್ಯಾಲ ಹೇಳ್ತೀವಿ ಅಂದರು ಡಾಕ್ಟರು, ಎಚ್ಚರ ಆಗಲಿ ಅಂದರೇನು, ಆಗದೇ ಇರೋದೂ ಉಂಟೇನು, ನನ್ನ ಹೆಂಡತಿ ಓಣಿಯ ಆ ತುದಿಯಲ್ಲಿ ಬೆಕ್ಕು ಬಾಲ ಅಲ್ಲಾಡಿಸಿದರೂ ಎದ್ದು ಕೂಡುವಾಕಿ — ಸುಳ್ಳು, ಅದು ನಾನೇ ಹೇಳಿಕೊಂಡು ತಿರುಗಿದ್ದು, ಸುನಿತಾ ಮಲಗಿದಳಂದರೆ ಸಂಡೂರಿನ ಗಣಿಯ ಮದ್ದು ತಂದು ಮಂಚದ ಕೆಳಗೆ ಸಿಡಿಸಿದರೂ ಮಗ್ಗುಲು ಬದಲಿಸಂಗಿಲ್ಲ ಅಂತ ಹೇಳಿಕೊಂಡು ತಿರುಗಿದ್ದೂ ನಾನೇ, ಎರಡನ್ನೂ ಒಂದೇ ಸಂಜೆ, ಒಂದೇ ಕಟ್ಟೆಯ ಮೇಲೆ, ಕೇಳಿದವರು ಎರಡಕ್ಕೂ ನಕ್ಕರು, ಯಾರೂ ಕೇಳಲಿಲ್ಲ ಯಾವುದು ಖರೆ ಅಂತ, ಈಗ ನನಗೆ ಬೇಕಾಗಿದೆ, ಯಾವುದು ಖರೆ, ಆಕೆಯ ನಿದ್ದೆ ಎಂಥದ್ದು, ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನಿಗೆ ಅದು ಗೊತ್ತಿಲ್ಲ, ಹೇಳಿದ್ದೆಲ್ಲ ನೆನಪಿದೆ, ನೋಡಿದ್ದು ಒಂದೂ ನೆನಪಿಲ್ಲ. ಮುಷ್ಟಿಯಲ್ಲಿ ಏನೋ ಒತ್ತುತ್ತಿದೆ, ಆಗಿನಿಂದಲೂ ಒತ್ತುತ್ತಿದೆ, ಬಿಚ್ಚಿ ನೋಡಿದರೆ ಅಲಾರಂ, ಗಾಡಿಯ ಚಾವಣಿಯಿಂದ ಇದನ್ನು ಯಾವಾಗ ಕಿತ್ತೆ, ಆ್ಯಂಬುಲೆನ್ಸಿನಲ್ಲಿ ಇದು ನನ್ನ ಕೈಯಲ್ಲೇ ಇತ್ತಾ, ಕಂಪ್ಲಿಯಿಂದ ಇಲ್ಲಿಯ ತನಕ ಒಂದು ಕೈಯಲ್ಲಿ ಹೆಂಡತಿಯ ಕೈ, ಇನ್ನೊಂದರಲ್ಲಿ ಇದಾ, ಅಂಗೈ ಅಗಲದ, ಮಸಿ ಹತ್ತಿದ ಬಿಳಿ ಡಬ್ಬಿ, ಹೊಗೆ ಕಂಡರೆ ಕೂಗಬೇಕು, ಅದೊಂದೇ ಇದರ ಕೆಲಸ, ಅಡುಗೆ ಮಾಡು ಅನ್ನಲಿಲ್ಲ, ಗಾಡಿ ಓಡಿಸು ಅನ್ನಲಿಲ್ಲ, ಕೂಗು ಅಂದೆ ಅಷ್ಟೇ, ಯಾಕ ಕೂಗಲಿಲ್ಲ ಲೇ, ಹೆಬ್ಬೆರಳು ತಾನೇ ಹೋಗಿ ಗುಂಡಿ ಒತ್ತಿಬಿಟ್ಟಿತು, ಟೀಂ ಟೀಂ ಟೀಂ, ಕಾರಿಡಾರಿನ ಆ ತುದಿಯ ಮುದುಕಿ ಬೆಚ್ಚಿ ಎದ್ದು ನಿಂತಳು, ಯಾರದೋ ಫ್ಲಾಸ್ಕು ಉರುಳಿತು, ರೀ ಯಜಮಾನ್ರ ಏನ್ರೀ ಅದು, ಒಳಗ ಪೇಶಂಟ್ ಮಲಗ್ಯಾರ, ಬಂದ್ ಮಾಡ್ರಿ ಮೊದ್ಲ, ಸಿಸ್ಟರ್ ಬಾಗಿಲಿನಿಂದ ಅರ್ಧ ಹೊರಗೆ ಬಂದು ಕಣ್ಣು ಕೆಂಪು ಮಾಡಿದರು, ಎದ್ದಳಾ ಅಂದೆ, ಯಾರ್ರೀ ಅಂದರು, ಸುನಿತಾ, ಇದನ್ನ ಕೇಳಿ ಎದ್ದಳಾ, ಸಿಸ್ಟರ್ ನನ್ನ ಮುಖ ನೋಡಿದರು, ಕುಂದ್ರಿ ಅಂದರು, ದನಿ ಮೆತ್ತಗಾಗಿತ್ತು, ಅದು ಬೈಗುಳಕ್ಕಿಂತ ಕೆಟ್ಟದ್ದು.

ಕೂಗುತ್ತೆ, ಈಗಲೂ ಕೂಗುತ್ತೆ, ಗಂಟಲು ಸರಿ ಇದೆ, ಸೆಲ್ ಸರಿ ಇದೆ, ದಿನಾ ಬೆಳಿಗ್ಗೆ ಒತ್ತಿ ನೋಡಿದವನು ನಾನು, ವಾರಕ್ಕೊಮ್ಮೆ ಸಾಕು ಅಂದಿದ್ದ ಮಲ್ಲೇಶ, ಗಾಡಿಯ ಒಳಗಿನ ಕೆಲಸವನ್ನೆಲ್ಲ ಮಾಡಿಕೊಟ್ಟವನು ಅವನು, ಇಲ್ಲೇ ಸ್ಟೇಷನ್ ರೋಡಿನ ಪಕ್ಕ ಅವನ ಶೆಡ್ಡು, ಹಳೇ ಟೆಂಪೊ ಒಂದನ್ನು ಕೊಟ್ಟು ಇದನ್ನ ಓಡಾಡೋ ಅರಮನಿ ಮಾಡಲೇ ಅಂದಿದ್ದೆ, ಎರಡು ಮಲಗುವ ಬರ್ತು, ಗ್ಯಾಸ್ ಒಲೆ, ಫ್ರಿಜ್ಜು, ಮೇಲೊಂದು ನೀರಿನ ಟ್ಯಾಂಕು, ಕ್ಯಾರವಾನ್ ಅಂತಾರೆ ಇದಕ್ಕೆ, ಹಂಪಿಗೆ ಬರುವವರು ಲಾಡ್ಜು ಬಿಟ್ಟು ಇದಕ್ಕೇ ಮುಗಿಬೀಳುತ್ತಾರೆ, ವಿಜಯನಗರದ ಅರಸರಿಗೂ ಇಂಥದ್ದೊಂದು ಇರಲಿಲ್ಲ, ಇದ್ದಿದ್ದರೆ ಊರು ಬಿಟ್ಟು ಓಡುವಾಗ ಅನುಕೂಲ ಆಗುತ್ತಿತ್ತು ಅಂತ ನಾನು ಹೇಳಿದಾಗ ಪುಣೆಯಿಂದ ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು — ಮಲ್ಲೇಶ ಏನಂದ, ಕೊನೆಯ ದಿನ, ಸ್ಟೂಲಿನ ಮೇಲೆ ನಿಂತು ಚಾವಣಿಗೆ ಇದನ್ನು ಸ್ಕ್ರೂ ಹಾಕಿ ಕೂರಿಸುತ್ತಾ, ಅಣ್ಣ ಇಲ್ಲಿ ಕೇಳಿಲ್ಲಿ, ಗಾಡಿ ಅಂದ್ರ ಸಣ್ಣ ಡಬ್ಬಿ, ಮನಿಯಾಗ ಹೊಗಿ ತುಂಬಾಕ ಹೊತ್ತು ಬೇಕು, ಇದರಾಗ ಒಂದು ಬೀಡಿ ಮುಗಿಯೂದ್ರಾಗ ತುಂಬತೈತಿ, ಮಲಗಿದಾರನ್ನ ಹೊಗಿ ಎಬ್ಬಸಂಗಿಲ್ಲ, ಇನ್ನಾ ಆಳಕ್ಕ ಮಲಗಸ್ತೈತಿ, ಅದಕ್ಕ ಇದು ಬೇಕು, ಒಲಿ ಹತ್ರ ಹಾಕಿದ್ರ ಸುಮ್ಸುಮ್ನ ಒದರ್ತೈತಿ, ಬರ್ತಿನ ಮ್ಯಾಲ ಹಾಕೀನಿ, ಗುಂಡಿ ಒತ್ತಿ ನೋಡ್ತಿರು, ವರ್ಷಕ್ಕೊಮ್ಮೆ ಸೆಲ್ ಬದಲಿ ಮಾಡು, ಆಮ್ಯಾಲ ಈ ಸುತ್ತಮುತ್ತ ಸೀಳು ಅದಾವಲ್ಲ, ಇವು ಇದರ ಮೂಗು, ತಿಂಗಳಿಗೊಮ್ಮೆ ಮೆತ್ತನ ಬ್ರಷ್‌ನಾಗ ಜಾಡಿಸು, ಸಂಡೂರು ಕಡೆ ಹೋಗಿ ಬಂದ್ರಂತೂ ಬಿಡಬ್ಯಾಡ, ಅಲ್ಲಿಯ ಕೆಂಪು ದೂಳು ಹೋಗಿ ಕುಂತ್ಕಂತೈತಿ — ಮೂಗು ಅಂದ, ಹೌದು, ಮೂಗು ಅಂದಿದ್ದ, ನಾನು ಅದಕ್ಕೇನೋ ಅಂದೆ, ಮೂಗಿದ್ದರೆ ಮೂಗುತಿ ಹಾಕ್ಸೋಣ ಬಿಡಲೇ ಅಂದೆ, ಅವನು ನಕ್ಕ, ನಾನು ನಕ್ಕೆ, ನನಗೆ ಆ ಹೊತ್ತಿಗೆ ಗುಂಡಿಯ ಮೇಲಷ್ಟೇ ಕಣ್ಣು, ಯಾಕೆಂದರೆ ಗುಂಡಿ ಒತ್ತಿದರೆ ಸದ್ದು ಬರುತ್ತಿತ್ತು, ಎಂಥಾ ಸದ್ದು ಅಂತೀರಿ, ಅಂತ ನಾನು ಆಮೇಲೆ ಜನಕ್ಕೆ ಹೇಳುತ್ತಿದ್ದೆ, ಹೊಸಪೇಟೆಯಲ್ಲಿ ಒತ್ತಿದರೆ ತುಂಗಭದ್ರಾ ಡ್ಯಾಮಿನ ನೀರು ಗಡಗಡ ನಡುಗಿ ಗೇಟು ತಾನೇ ತೆರೆಯಬೇಕು.

ಮೊದಮೊದಲು ಅದು ಯಾವುದಕ್ಕಾದರೂ ಕೂಗುತ್ತಿತ್ತು, ಸುನಿತಾ ಒಣಮೆಣಸಿನಕಾಯಿ ಒಗ್ಗರಣೆಗೆ ಹಾಕಿದರೆ ಕೂಗು, ಮಿರ್ಚಿ ಕರಿದರೆ ಕೂಗು, ರೊಟ್ಟಿ ಒಂಚೂರು ಸೀದರೆ ಕೂಗು, ಹಂಪಿಯಲ್ಲಿ ಒಂದು ಮುಂಜಾನೆ ಆಕೆ ಉಪ್ಪಿಟ್ಟಿಗೆ ಒಗ್ಗರಣೆ ಕೊಟ್ಟಾಗ ಇದು ಒದರಿದ್ದಕ್ಕೆ ಗಾಡಿಯ ಮೇಲೆ ಕೂತಿದ್ದ ಮಂಗಗಳು ಹಾರಿ ಹೊಳೆ ದಾಟಿ ಅಂಜನಾದ್ರಿ ಬೆಟ್ಟ ಸೇರಿದವು, ಇನ್ನೂ ತಿರುಗಿ ಬಂದಿಲ್ಲ ಅಂತ ನಾನು ಹೇಳುತ್ತೇನೆ, ಖರೆ ಅಂದರೆ ಒಂದೇ ಒಂದು ಮಂಗ ಬೆಚ್ಚಿ ಪಕ್ಕದ ಬಂಡೆಗೆ ಹಾರಿ ಅಲ್ಲೇ ಕೂತು ನಮ್ಮನ್ನು ನೋಡಿತು, ಅಷ್ಟೇ, ಆದರೆ ಸುನಿತಾ, ಬಾಣಲೆ ಹಿಡಿದು ಆಕೆ ಅಂದದ್ದು, ರೀ ಇದರ ಕಾಟಕ್ಕ ನಾನೇನು ಮಜ್ಜಿಗಿ ಅನ್ನ ಒಂದ ಮಾಡ್ಲೇನು, ಇದನ್ನ ಕಿತ್ತು ಹೊಳಿಗೆ ಒಗೀರಿ, ಇಲ್ಲಾಂದ್ರ ನನ್ನ ಒಗೀರಿ, ನಿನ್ನ ಒಗೆದರ ಹೊಳಿ ಉಕ್ಕೇರಿ ಕಂಪ್ಲಿ ಮುಳುಗ್ತೈತಿ ಕಣವ್ವ ಅಂದೆ, ಆಕೆ ಸೌಟು ಎಸೆದಳು, ನಾನು ತಪ್ಪಿಸಿಕೊಂಡೆ, ಮತ್ತೆ ಕೂಗಿತು ಅದು, ಸುಡುವ ಎಣ್ಣೆಗೆ ಏನೋ ಬಿದ್ದು, ಇಬ್ಬರೂ ಟವೆಲ್ ಹಿಡಿದು ಚಾವಣಿಗೆ ಗಾಳಿ ಹಾಕಿದ್ದೇ ಹಾಕಿದ್ದು, ಟವೆಲ್ ಕೆಳಗೆ ಆಕೆ ನಗುತ್ತಿದ್ದಳು, ಕೆಮ್ಮುತ್ತಾ ನಗುತ್ತಿದ್ದಳು, ಕೆಮ್ಮು, ಒಂದು ಸಲ ಕೆಮ್ಮಲಿ ಸಾಕು ಈಗ, ಬಾಗಿಲಿನ ಆಚೆಯಿಂದ ಒಂದು ಕೆಮ್ಮು ಕೇಳಿಸಲಿ — ಕೇಳಿಸುವುದಿಲ್ಲ, ಫ್ಯಾನಿನ ಸದ್ದು, ಟ್ರಾಲಿಯ ಸದ್ದು, ಕೆಳಗೆ ಆಟೊಗಳ ಸದ್ದು. ಅಮಾವಾಸ್ಯೆ ಬಂತು, ಗಾಡಿ ಪೂಜೆ, ನಮ್ಮ ಕಡೆ ಅಮಾವಾಸ್ಯೆಗೆ ಗಾಲಿ ಇರುವ ಯಾವುದನ್ನೂ ಬಿಡುವುದಿಲ್ಲ, ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಅವತ್ತು ಸಾಲುಗಟ್ಟಿ ನಿಂತ ಲಾರಿಗಳ ಹಣೆಗೆಲ್ಲ ಕುಂಕುಮ, ನಮ್ಮ ಮನೆಯಲ್ಲಿ ಅವ್ವ, ಮರುಳಸಿದ್ದಮ್ಮ ಅಂದರೆ ಓಣಿಗೆಲ್ಲ ಭಯ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಹುಕುಂ ಕೊಡುತ್ತಿದ್ದಳು, ಲೇ ಸಿದ್ದಾ, ಸ್ಟೇರಿಂಗಿಗೆ ಹಚ್ಚಿದ್ಯಾ, ಇಂಜಿನ್ನಿಗೆ ಹಚ್ಚಿದ್ಯಾ, ಒಲಿಗೆ ಹಚ್ಚಿದ್ಯಾ, ಅದಕ್ಯಾಕ ಹಚ್ಚಿಲ್ಲ, ಮ್ಯಾಲಿಂದಕ್ಕ, ಅದೂ ಮಷಿನ್ನ ಅಲ್ಲೇನು, ಪೂಜಿ ಇಲ್ದ ಅದಕ್ಕ ಸಿಟ್ಟು ಬಂದೈತಿ, ಅದಕ್ಕ ಒದರ್ತೈತಿ, ಒಂದೆಳಿ ವಿಭೂತಿ ಮುಟ್ಟಿಸಿಬಿಡು — ಒಂದೆಳೆ ಅಂದಳು ಅವ್ವ, ಮುಟ್ಟಿಸು ಅಂದಳು, ಆದರೆ ನಾನು ಯಾವತ್ತು ಒಂದೆಳೆಗೆ ನಿಂತವನು, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ದೋಸೆ ಹಿಟ್ಟಿನ ಹದಕ್ಕೆ ತಂದು, ಸ್ಟೂಲು ಹತ್ತಿ, ಮುಖಕ್ಕೆ ಮೂರು ಎಳೆ, ಅದು ಸಾಲದೆ ಸುತ್ತಲೂ ಮೂರು ಎಳೆ, ನಾಲ್ಕು ಬೆರಳು ಅದ್ದಿ ಅದ್ದಿ, ನೋಡಬೇ ನಿನ್ನ ಯಂತ್ರಸ್ವಾಮಿಗೆ ಅಭಿಷೇಕ ಅಂದೆ, ಅವ್ವ ಬಾಯಿ ಮುಚ್ಚಿಕೊಂಡು ನಕ್ಕಳು, ಸುನಿತಾ ಕೆಳಗೆ ನಿಂತು ಕಣ್ಣಿಗೆ ಬೀಳ್ತೈತ್ರಿ ಸಾಕ್ರೀ ಅಂದಳು, ಮುಂದಿನ ಅಮಾವಾಸ್ಯೆಗೆ ಮತ್ತೆ, ಅದರ ಮುಂದಿನದಕ್ಕೆ ಮತ್ತೆ, ಹಳೆಯದನ್ನು ಒರೆಸಬಾರದು ಅಂತ ನಾನೇ ಒಂದು ನೇಮ ಹುಟ್ಟಿಸಿ ಅದರ ಮೇಲೇ ಹಚ್ಚಿದೆ.

ಆಮೇಲೆ ಅದು ಸುಮ್ಮನಾಯಿತು, ಒಗ್ಗರಣೆಗೆ ಕೂಗಲಿಲ್ಲ, ಮಿರ್ಚಿಗೆ ಕೂಗಲಿಲ್ಲ, ಸುನಿತಾ ಒಂದು ದಿನ ಬದನೆಕಾಯಿ ಸುಟ್ಟಳು, ಗಾಡಿಯೆಲ್ಲ ಹೊಗೆ, ಚಾವಣಿ ನೋಡುತ್ತಾ ಇಬ್ಬರೂ ಕಾದೆವು, ಉಸಿರು ಬಿಡಲಿಲ್ಲ ಅದು, ಯಾಕೋ ಮೊದಲಿನಂಗಿಲ್ರೀ ಇದು ಅಂದಳು ಆಕೆ, ಸೌಟು ಗಾಳಿಯಲ್ಲಿ ಹಿಡಿದು, ಮುಖ ಸಣ್ಣಗೆ ಮಾಡಿ, ಕೆಟ್ಟಿರಬೇಕು, ಮಲ್ಲೇಶಗ ಒಮ್ಮೆ ತೋರಸ್ರಿ, ನಾನು ಸ್ಟೂಲು ಹತ್ತಿ ಗುಂಡಿ ಒತ್ತಿದೆ, ಟೀಂ ಟೀಂ ಟೀಂ, ಕೇಳಿದ್ಯಾ, ಕೆಟ್ಟಿಲ್ಲ ಹುಚ್ಚಿ, ಬುದ್ಧಿ ಬಂದೈತಿ ಅದಕ್ಕ, ಒಗ್ಗರಣಿ ಯಾವುದು ಬೆಂಕಿ ಯಾವುದು ಅಂತ ತಿಳಿಯಾಕತ್ತೈತಿ, ಆಕೆ ನನ್ನ ಮುಖ ನೋಡಿದಳು, ಚಾವಣಿ ನೋಡಿದಳು, ಹೌದೇನ್ರೀ ಅಂದಳು, ನಾನು ಹೇಳಿದ ಒಂದೂ ಮಾತು ನಂಬದ ಹೆಂಗಸು, ಮದುವೆಯಾದಾಗಿನಿಂದ ನನ್ನ ಲೆಕ್ಕವನ್ನೆಲ್ಲ ಅರ್ಧಕ್ಕಿಳಿಸಿ ಕೇಳುವ ಹೆಂಗಸು, ಇದೊಂದನ್ನು ನಂಬಿದಳು, ಯಾಕೆ ನಂಬಿದಳು, ಸದ್ದು ಕಿವಿಯಾರೆ ಕೇಳಿದಳಲ್ಲ ಅದಕ್ಕೆ, ಮತ್ತು ಅಡುಗೆ ಹಗುರಾಯಿತಲ್ಲ ಅದಕ್ಕೆ, ಆವತ್ತಿನಿಂದ ನನಗೆ ಹೊಸ ಕಥೆ ಸಿಕ್ಕಿತು, ಹಂಪಿಯಲ್ಲಿ ಹೇಳಿದೆ, ಸಂಡೂರಿನ ಘಾಟಿನ ಚಹಾ ಅಂಗಡಿಯಲ್ಲಿ ಹೇಳಿದೆ, ಅದಿರು ಲಾರಿಯ ಡ್ರೈವರುಗಳು ಗ್ಲಾಸು ಹಿಡಿದುಕೊಂಡೇ ಕೇಳಿದರು, ನನ್ನ ಅಲಾರಂ ಮೂಸಿ ನೋಡಿ ಹೇಳ್ತೈತಿ, ಇದು ಜೀರಿಗಿ ಒಗ್ಗರಣಿ, ಇದು ಸಾಸಿವಿ, ಇದು ಊದುಬತ್ತಿ, ಬೆಂಕಿ ಬಿದ್ದರೆ ಮಾತ್ರ ಬಾಯಿ ಬಿಡ್ತೈತಿ, ಅಮೆರಿಕದಾರು ಬಂದು ಕೇಳಿದ್ರು, ಕೊಡಂಗಿಲ್ಲ ಅಂದೆ. ಕೊಡಂಗಿಲ್ಲ ಅಂದೆ, ಎಲ್ಲರೂ ನಕ್ಕರು.

ಇವತ್ತು, ಇವತ್ತೇ ಅಲ್ಲವಾ ಇದು, ಬೆಳಿಗ್ಗೆ ಹಂಪಿಯಲ್ಲಿ ಪುಣೆಯವರನ್ನು ಇಳಿಸಿ, ಕಂಪ್ಲಿಗೆ ಹೋಗಿ ಗಾಡಿಗೆ ಸೋನಾಮಸೂರಿ ತರೋಣ, ಮಿಲ್ಲಿನಲ್ಲೇ ತಗೊಂಡರೆ ಹೊಸ ಅಕ್ಕಿ ಹಳೇ ಅಕ್ಕಿ ನೋಡಿ ತಗೋಬಹುದು ಅಂತ ಹೊರಟೆವು, ದಾರಿಯುದ್ದಕ್ಕೂ ಗದ್ದೆ, ಕಬ್ಬು, ಕಾಲುವೆ, ಸುನಿತಾಗೆ ತಲೆನೋವು, ನಸುಕಿನಿಂದ ಒಲೆಯ ಮುಂದೆ ನಿಂತದ್ದು, ರೀ ನಾನು ಒಂಚೂರು ಅಡ್ಡಾಗ್ತೀನಿ, ಫ್ಯಾನ್ ಹಾಕ್ರಿ, ಬಾಗಿಲು ಎಳಕೊಂಡು ಹೋಗ್ರಿ, ನೊಣ ಬರ್ತಾವ, ನಾನು ಫ್ಯಾನು ಹಾಕಿದೆ, ಅದರ ಜೊತೆಗೇ ಬರ್ತಿನ ಕೆಳಗಿನ ನೀಲಿ ದೀಪದ ಪಟ್ಟಿಯೂ ಹತ್ತಿಕೊಂಡಿತು, ನಾನೇ ಎಳೆದ ವೈರು, ಮಲ್ಲೇಶ ಬ್ಯಾಡ ಅಂದಿದ್ದ, ನೀಲಿ ಬೆಳಕಿನಲ್ಲಿ ಬರ್ತು ನೀರಿನ ಮೇಲೆ ತೇಲಿದಂತೆ ಕಾಣುತ್ತೆ, ಬಂದವರೆಲ್ಲ ಫೋಟೊ ಹಿಡಿಯುತ್ತಾರೆ, ಹಗಲಿನಲ್ಲಿ ಅದು ಯಾಕೆ ಬೇಕಿತ್ತು, ಆರಿಸಲಿಲ್ಲ ನಾನು, ಬಾಗಿಲು ಎಳೆದುಕೊಂಡು ಬಂದೆ, ಮಿಲ್ಲಿನ ಗೇಟಿನ ಎದುರಿಗೆ ರಾಮಾಂಜಿನಿಯ ಚಹಾ ಗೂಡಂಗಡಿ, ಗಾಡಿಗೆ ಬೆನ್ನು ಕೊಟ್ಟು ಕೂತೆ, ಅಲ್ಲಿ ಹಮಾಲರು, ಮಿಲ್ಲಿನ ಗುಮಾಸ್ತ, ಯಾವನೋ ಭತ್ತ ತಂದ ರೈತ, ಇಷ್ಟು ಜನ ಸಿಕ್ಕರೆ ನನ್ನ ನಾಲಿಗೆ ಸುಮ್ಮನಿರುತ್ತಾ, ಶುರು ಮಾಡಿದೆ, ಬುದ್ಧಿ ಬಂದ ಅಲಾರಂ, ಜೀರಿಗೆ ತನಕ ಬಂದಿದ್ದೆ, ರಾಮಾಂಜಿನಿ ಚಹಾ ಸೋಸುತ್ತಾ ನನ್ನ ಭುಜದ ಮೇಲಿಂದ ನೋಡಿ, ಅಣ್ಣಾ ನಿನ್ನ ಗಾಡ್ಯಾಗಿಂದ ಹೊಗಿ ಬರಾಕತ್ತೈತಿ ನೋಡು ಅಂದ, ತಿರುಗಲಿಲ್ಲ ನಾನು, ತಿರುಗಲೇ ಇಲ್ಲ, ಲೇ ರಾಮಾಂಜಿನಿ, ಕಂಪ್ಲ್ಯಾಗ ಹೊಗಿ ಬರದ ಜಾಗ ಯಾವುದೈತಿ ತೋರಿಸು, ಮಿಲ್ಲಿನ ಬಾಯ್ಲರಿಗೆ ಹೊಟ್ಟು ಹಾಕ್ಯಾರ, ಅದು ಆ ಕಡೆ ಹೊಂಟೈತಿ, ಖರೇನೂ ಹೊಟ್ಟಿನ ಹೊಗೆಯ ವಾಸನೆಯೇ ಇತ್ತು ಗಾಳಿಯಲ್ಲೆಲ್ಲ, ಕಪ್ಪು ಬೂದಿ ಚಹಾದ ಮೇಲೂ ಬಂದು ಕೂಡುತ್ತಿತ್ತು, ಅಲ್ಲಣ್ಣಾ ಕಿಡಿಕ್ಯಾಗಿಂದ ಬಂದಂಗೈತಿ ಅಂದ ಅವನು ಮತ್ತೆ, ನನಗೆ ನಗು, ಎಂಥ ನಗು ಬಂತು ನನಗೆ, ನನ್ನ ಗಾಡಿಯ ಹೊಗಿ ಆಗಿದ್ರ ನನ್ನ ಅಲಾರಂ ಗಂಗಾವತಿಯ ಮಂದಿ ಎದ್ದು ಓಡೂವಂಗ ಒದರ್ತಿತ್ತಲೇ, ಕೇಳಾಕತ್ತೈತೇನು ನಿನಗ, ಅಂದೆ, ಎಲ್ಲರೂ ಕಿವಿಗೊಟ್ಟರು, ಚೇಷ್ಟೆಗೆ, ಹಮಾಲರು ಕಿವಿಗೆ ಕೈ ಹಚ್ಚಿಕೊಂಡರು, ಗುಮಾಸ್ತ ಕಣ್ಣು ಮುಚ್ಚಿದ, ಇಡೀ ಗೂಡಂಗಡಿ ಸುಮ್ಮನಾಗಿ ಆಲಿಸಿತು, ಮಿಲ್ಲಿನ ಗಡಗಡ ಬಿಟ್ಟರೆ ಏನೂ ಇಲ್ಲ, ನೋಡಿದ್ಯಾ ಅಂದೆ, ಎಷ್ಟು ಹೊತ್ತು ಆಲಿಸಿದೆವು, ಆ ಆಲಿಸಿದ ಹೊತ್ತು, ಆ ನಕ್ಕ ಹೊತ್ತು, ಆಕೆ ಒಳಗೆ ಎಷ್ಟು ಉಸಿರು ಎಳೆದಳು ಆ ಹೊತ್ತಿನಲ್ಲಿ, ನಾನು ಊದಿ ಊದಿ ಚಹಾ ಮುಗಿಸಿದೆ, ಗ್ಲಾಸು ಕೆಳಗಿಟ್ಟೆ, ಆಮೇಲೆ ರೈತ, ಆ ಭತ್ತದ ರೈತ, ಅವನಿಗೆ ನನ್ನ ಕಥೆಯೇ ಹಿಡಿಸಿರಲಿಲ್ಲ ಅನ್ನಿಸುತ್ತೆ, ಅವನೊಬ್ಬನೇ ನಕ್ಕಿರಲಿಲ್ಲ, ಯಪ್ಪಾ ಕಿಡಕಿ ಕರ್ರಗಾತು ಅಂದ.

ಓಡಿದೆ, ಓಡಿದೆನಾ, ಬಾಗಿಲಿನ ಹಿಡಿ ಬಿಸಿ ಇರಲಿಲ್ಲ, ಅದು ಇನ್ನೂ ಕೈಗೆ ನೆನಪಿದೆ, ತಣ್ಣಗಿತ್ತು, ಬೆಂಕಿ ಇಲ್ಲ ಅಂದುಕೊಂಡೆ, ಎಳೆದೆ, ಒಳಗಿನಿಂದ ಹೊಗೆ ಹೊರಗೆ ಬರಲಿಲ್ಲ, ಬಿದ್ದಿತು, ಹಸಿ ಕಂಬಳಿ ಮುಖಕ್ಕೆ ಬಿದ್ದಂತೆ, ಉರಿ ಎಲ್ಲೂ ಇಲ್ಲ, ಬರ್ತಿನ ಸ್ಪಂಜು ಕೆಳಗಿನಿಂದ, ಆ ನೀಲಿ ಪಟ್ಟಿಯ ವೈರಿನ ಕಡೆಯಿಂದ, ಒಳಗೊಳಗೇ ಕಮರುತ್ತಿತ್ತು, ಏನೂ ಕಾಣುವುದಿಲ್ಲ, ಸುನಿತಾ ಕಾಣುವುದಿಲ್ಲ, ಬರ್ತು ಕಾಣುವುದಿಲ್ಲ, ನನ್ನ ಕೈ ನನಗೆ ಕಾಣುವುದಿಲ್ಲ, ಕಂಡದ್ದು ಅದೊಂದೇ, ಮೇಲೆ, ಆ ಕರಿ ಹೊಗೆಯ ನಡುವೆ, ಅಲಾರಮ್ಮಿನ ಹಸಿರು ಚುಕ್ಕಿ, ಮಿಣುಕ್ ಅಂತು, ಆರಿತು, ಮತ್ತೆ ಮಿಣುಕ್ ಅಂತು, ಎಲ್ಲ ಸರಿ ಇದೆ, ಎಲ್ಲ ಸರಿ ಇದೆ, ಅಂದಂತೆ, ಅವಸರ ಇಲ್ಲದೆ, ಅದನ್ನು ನೋಡುತ್ತಾ ನಿಂತುಬಿಟ್ಟೆ ನಾನು, ಒಂದು ಗಳಿಗೆ, ನಿಂತದ್ದು ನಿಜ, ಅದು ಕೂಗುತ್ತಿಲ್ಲ ಅಂದ ಮೇಲೆ ಇದು ಬೆಂಕಿ ಅಲ್ಲ ಅಂತ ತಲೆಯೊಳಗೆ ಯಾರೋ ಹೇಳಿದರು, ನನ್ನದೇ ದನಿ, ಗೂಡಂಗಡಿಯ ದನಿ, ಆಮೇಲೆ ಹಿಂದಿನಿಂದ ರಾಮಾಂಜಿನಿ ನನ್ನನ್ನು ಪಕ್ಕಕ್ಕೆ ನೂಕಿ ಒಳಗೆ ತೂರಿದ, ಅಕ್ಕಾ ಅಕ್ಕಾ ಅಂತ ಕೂಗುತ್ತಾ, ಅವನ ಹಿಂದೆ ನಾನು, ಆಕೆಯ ಕಾಲು ಸಿಕ್ಕಿತು, ಕಾಲುಂಗುರ ಸಿಕ್ಕಿತು, ಎಳೆದೆವು, ಹಮಾಲರು ನೀರು ಹಾಕಿದರು, ಬೇವಿನ ಮರದ ಕೆಳಗೆ ಆಕೆಯ ಮೂಗಿನ ಸುತ್ತ ಕಪ್ಪು ಮಸಿ, ತುಟಿ ಬೇರೆ ಯಾರದ್ದೋ ತುಟಿಯಂತೆ, ಉಸಿರೈತಿ ಉಸಿರೈತಿ ಅಂದ ರಾಮಾಂಜಿನಿ, ಅಳುತ್ತಿದ್ದ, ನಾನು ಅಳಲಿಲ್ಲ, ಯಾಕ ಕೂಗಲಿಲ್ಲ ಅಂತ ಕೇಳುತ್ತಿದ್ದೆನಂತೆ, ಎಲ್ಲರನ್ನೂ ಕೇಳುತ್ತಿದ್ದೆನಂತೆ, ಗುಮಾಸ್ತನ ಅಂಗಿ ಹಿಡಿದು ಯಾಕ್ರೀ ಕೂಗಲಿಲ್ಲ ಅಂದೆನಂತೆ, ಆಗಲೇ ಒಳಗೆ ಮತ್ತೆ ಹೋಗಿ ಇದನ್ನು ಕಿತ್ತು ತಂದಿರಬೇಕು, ನೆನಪಿಲ್ಲ, ನೆನಪಿರುವುದು ಚುಕ್ಕಿ, ಹಸಿರು, ಮಿಣುಕ್.

ಇದನ್ನು ನಾಳೆ ಹೇಳುವಾಗ — ನೋಡು, ನೋಡು ಈ ನಾಲಿಗೆಯ ಬುದ್ಧಿ, ಆಗಲೇ ಹೇಳುವುದಕ್ಕೆ ಹೊಂದಿಸಿಕೊಳ್ಳುತ್ತಿದೆ, ಹೊಗೆಯ ಕಂಬ ಮುಗಿಲು ಮುಟ್ಟಿತ್ತು ಅನ್ನು, ಹಮಾಲರು ಕಾಲುವೆಯನ್ನೇ ಎತ್ತಿ ತಂದರು ಅನ್ನು, ಥೂ, ಆಕೆ ಒಳಗಿದ್ದಾಳೆ, ಇನ್ನೂ ಕಣ್ಣು ತೆರೆದಿಲ್ಲ, ಅಂಗಿಯ ಜೇಬಿಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ಕೈಗೆ ಬಂತು, ಸುನಿತಾಳದೇ, ನನ್ನ ಹರಿದ ಜೇಬಿಗೆ ಆಕೆ ಹಾಕಿದ್ದು, ತೆಗೆದು ಇದರ ಸೀಳಿನಲ್ಲಿ ಚುಚ್ಚಿದೆ, ಸುಮ್ಮನೆ, ಸಿಟ್ಟಿಗೆ, ಹೋಗಲಿಲ್ಲ ಪಿನ್ನು, ಸೀಳು ಅಂದರೆ ಸೀಳೇ ಇಲ್ಲ, ಗಾರೆ ಮೆತ್ತಿದಂತೆ ಗಟ್ಟಿ, ಇನ್ನೊಂದು ಸೀಳು, ಅದೂ ಗಟ್ಟಿ, ಜೋರಾಗಿ ಒತ್ತಿದೆ, ಟಕ್ ಅಂತ ಒಂದು ಚೂರು ಅಂಗೈಗೆ ಬಿತ್ತು, ಬಿಳೀ ಚೂರು, ಮೇಲೆ ಹೊಗೆಯ ಕಪ್ಪು, ಒಳಗೆ ಹಾಲಿನಂಥ ಬಿಳುಪು, ಮೂಸಿದೆ, ಮೂಸಿದ ಕೂಡಲೇ ಮನೆ, ಮನೆಯ ಜಗಲಿ, ಅವ್ವನ ಹಣೆ, ಅಮಾವಾಸ್ಯೆ, ವಿಭೂತಿ, ನನ್ನ ವಿಭೂತಿ, ತೇಯ್ದದ್ದು ನಾನು, ದೋಸೆ ಹಿಟ್ಟಿನ ಹದಕ್ಕೆ ತಂದದ್ದು ನಾನು, ಸುತ್ತಲೂ ಬೆರಳಾಡಿಸಿದ್ದು ನಾನು, ಇವು ಇದರ ಮೂಗು ಅಂದಿದ್ದ ಮಲ್ಲೇಶ, ಸುತ್ತಲೂ, ಒಂದೂ ಸೀಳು ಬಿಡದೆ, ಒಣಗಿದ ಮೇಲೆ ಮತ್ತೊಮ್ಮೆ, ಮೂಗು ಮುಚ್ಚಿ ಬಾಯಿ ಮಾತ್ರ ಬಿಟ್ಟಿದ್ದೆ ನಾನು, ದಿನಾ ಬೆಳಿಗ್ಗೆ ಬಾಯಿ ಇದೆಯಾ ಅಂತ ಒತ್ತಿ ನೋಡುತ್ತಿದ್ದೆ, ಬಾಯಿ ಇತ್ತು, ಬುದ್ಧಿ ಬಂದಿರಲಿಲ್ಲ ಅದಕ್ಕೆ, ಅದಕ್ಕೆ ಏನೂ ಬಂದಿರಲಿಲ್ಲ, ಹೊಗೆ ಅದರ ಹೊರಗೆ ನಿಂತಿತ್ತು, ಅದು ಒಳಗೆ ಕೂತು ಮಿಣುಕುತ್ತಿತ್ತು, ಹಸಿರು ಅಂದ್ರ ಸೆಲ್ ಐತಿ ಅಂತ ಅಷ್ಟ ಅಣ್ಣ, ಬ್ಯಾರೆ ಏನೂ ಅಲ್ಲ, ಇದನ್ನೂ ಹೇಳಿದ್ದ ಮಲ್ಲೇಶ, ಸ್ಟೂಲಿನಿಂದ ಇಳಿಯುತ್ತಾ, ಈಗ ಕೇಳಿಸುತ್ತಿದೆ. ಫೋನು, ಅವ್ವ, ಲೇ ಸಿದ್ದಾ ಎದ್ದಳೇನು, ಇಲ್ಲವ್ವ ಅಂದೆ, ನಾನು ಬರ್ತಾ ವಿಭೂತಿ ತರ್ತೀನಿ, ಹಣಿಗೆ ಹಚ್ಚೋಣು, ಎಲ್ಲ ಚೊಲೋ ಆಗ್ತೈತಿ, ತಾ ಅವ್ವ ಅಂದೆ, ಅಂಗೈ ಮುಚ್ಚಿದೆ, ಚೂರು ಒಳಗೆ ಪುಡಿಯಾಯಿತು, ಅವ್ವ ಒಂದೆಳೆ ಅಂದಿದ್ದಳು, ಒಂದೆಳೆ ಮುಟ್ಟಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಸಿಸ್ಟರ್ ಕರೆಯುತ್ತಿದ್ದಾರೆ, ನನ್ನನ್ನೇ, ಸುನಿತಾ ಕಡೇರು ಯಾರ್ರೀ, ಕಣ್ ತೆಗೆದಾರ ಬರ್ರಿ, ಮಾತಾಡಸಬ್ಯಾಡ್ರಿ ಗಂಟಲು ಬಾತೈತಿ, ಎದ್ದು ಹೋದೆ, ಒಳಗೆ ಬಿಳಿ ಹಾಸಿಗೆ, ಮುಖದ ಮೇಲಿನ ಬಟ್ಟಲಿಗೆ ಮಂಜು ಕಟ್ಟುತ್ತಿದೆ, ಬಿಡುತ್ತಿದೆ, ಮೇಲೆ ಎರಡು ಕಣ್ಣು, ಕೆಂಪು, ಆಕೆಯವೇ, ನನ್ನನ್ನು ಹುಡುಕಿ ಹಿಡಿದವು, ನಾನು ಪಕ್ಕಕ್ಕೆ ಕೂತೆ, ಆಕೆ ಕೈ ಎತ್ತಿದಳು, ಸೂಜಿ ಇಲ್ಲದ ಕೈ, ಬೆರಳಿನಿಂದ ಗಾಳಿಯಲ್ಲಿ ಸಣ್ಣದೊಂದು ಸುತ್ತು ಬರೆದಳು, ಮೇಲಕ್ಕೆ ತೋರಿಸಿದಳು, ಚಾವಣಿಗೆ, ಹುಬ್ಬು ಏರಿಸಿದಳು, ತಿಳಿಯಲಿಲ್ಲ, ಮತ್ತೊಮ್ಮೆ ಸುತ್ತು, ಮತ್ತೊಮ್ಮೆ ಮೇಲಕ್ಕೆ, ಬಟ್ಟಲಿನೊಳಗೆ ತುಟಿ, ಕೂಗಿತಾ, ಕೇಳುತ್ತಿದ್ದಾಳೆ, ಅದು ಕೂಗಿತೇನು, ಅಯ್ಯೋ, ತನ್ನ ನಿದ್ದೆಯ ಮೇಲೆ ಅನುಮಾನ ಆಕೆಗೆ, ಅದು ಕೂಗಿರಬೇಕು, ನನಗ ಕೇಳಿಸಲಿಲ್ಲ, ನಾನ ಸತ್ತಂಗ ಮಲಗಿದ್ನೇನೋ, ಅಂತ ಆ ಕಣ್ಣು, ತಪ್ಪು ಮಾಡಿದವರ ಕಣ್ಣು, ನನ್ನ ಬಾಯಿ ತುಂಬಿ ಬಂತು ಆಗ, ಎಲ್ಲ ತಯಾರಾಗಿ ಬಂತು, ಕೂಗಿತವ್ವಾ ಹೆಂಗ ಕೂಗಿತು ಅಂತೀ, ಮಿಲ್ಲಿನ ತಗಡು ಹಾರಿ ಕಬ್ಬಿನ ಗದ್ದಿಗೆ ಬಿತ್ತು, ಕಂಪ್ಲಿ ಬಸ್ ಸ್ಟ್ಯಾಂಡ್ ಖಾಲಿ ಆತು, ನೀನೊಬ್ಬಾಕಿ ಏಳಲಿಲ್ಲ ನೋಡು, ನಿನ್ನ ನಿದ್ದಿ ಅಂಥಾದ್ದು, ಅಂದರೆ ನಗುತ್ತಾಳೆ, ಖಂಡಿತ ನಗುತ್ತಾಳೆ, ನಂಬುತ್ತಾಳೆ, ಆಮೇಲೆ ಜೀವಮಾನವೆಲ್ಲ ತನ್ನ ನಿದ್ದೆಗೆ ಹೆದರಿ ಮಲಗುತ್ತಾಳೆ, ಇದೇ ಅಲಾರಮ್ಮಿನ ಕೆಳಗೇ ಮಲಗುತ್ತಾಳೆ, ಒಂದು ಮಾತು ಸಾಕು, ನನಗೆ ಎಷ್ಟು ಸುಲಭದ ಮಾತು, ನಾಲಿಗೆಯ ತುದಿಯಲ್ಲಿದೆ, ಆಕೆ ಕಾಯುತ್ತಿದ್ದಾಳೆ, ಇಲ್ಲ ಅಂದೆ. ಕೂಗಲಿಲ್ಲ ಅಂದೆ. ಅದರ ಹಿಂದೆ ಇನ್ನೇನೋ ಬರುತ್ತೆ ಅಂತ ನಾನೇ ಕಾದೆ, ಬರಲಿಲ್ಲ, ಆಕೆಯ ಹುಬ್ಬು ಇಳಿಯಲಿಲ್ಲ, ನನ್ನ ಮುಷ್ಟಿಯನ್ನು ನೋಡಿದಳು, ಬಿಳಿ ಹತ್ತಿದ ಬೆರಳುಗಳನ್ನು ನೋಡಿದಳು, ತಿರುಗಿ ನನ್ನ ಮುಖ ನೋಡಿದಳು, ಬಟ್ಟಲಿನೊಳಗೆ ಮಂಜು ಕಟ್ಟಿತು, ತುಟಿ ಅಲ್ಲಾಡಿತು, ಯಾಕ ಅಂದಳು, ಯಾಕ, ಹೇಳು ಸಿದ್ದಲಿಂಗೇಶ, ಯಾಕ ಅಂತ ಕೇಳುತ್ತಿದ್ದಾಳೆ, ಹೇಳುವುದಕ್ಕೆ ಬಾಯಿ ತೆರೆಯುತ್ತೇನೆ, ಬಾಯಿ ತೆರೆದರೆ ಬಾಗಿಲು ತೆರೆಯುತ್ತೆ, ಬೇವಿನ ಮರದ ಕೆಳಗಿನ ಬಾಗಿಲು, ತಣ್ಣನೆಯ ಹಿಡಿ, ಒಳಗೆ ಏನೂ ಕಾಣುವುದಿಲ್ಲ, ಕರಿ, ಬರೀ ಕರಿ, ಅದರ ನಡುವೆ, ಮೇಲೆ, ಹಸಿರು ಚುಕ್ಕಿ, ಮಿಣುಕ್, ಆರಿತು, ಹಸಿರು ಚುಕ್ಕಿ, ಮಿಣುಕ್ —